ಒಂದು ಕಣ್ಣು ಮುಚ್ಚಿ ನೋಡಿದ್ದೀರಾ?

ರೈಲ್ವೆಯ ಅಸಿಸ್ಟೆಂಟ್ ಲೋಕೊ ಪೈಲಟ್ ಹುದ್ದೆಗೆ ಓದಿದವರಿಗೆ ಇದು ಗೊತ್ತಿರುತ್ತದೆ. ಎರಡು ಸುತ್ತಿನ ಸಿಬಿಟಿ ದಾಟಿ ಆ್ಯಪ್ಟಿಟ್ಯೂಡ್ ಟೆಸ್ಟ್‌ಗೆ ಹೋಗುವಾಗ ಕಣ್ಣಿನ ಡಾಕ್ಟರ್ ಸಹಿ ಮಾಡಿದ ವಿಷನ್ ಸರ್ಟಿಫಿಕೇಟ್ ಕೈಯಲ್ಲಿರಬೇಕು. ಧಾರವಾಡದಲ್ಲಿ ಒಂದೇ ರೂಮಿನಲ್ಲಿದ್ದ ನಾವು ನಾಲ್ವರಲ್ಲಿ ಇಬ್ಬರು ಆ ಹಂತಕ್ಕೆ ಬಂದಿದ್ದೆವು. ಸಹಿ ಹಾಕಿಸುವುದು ಎಷ್ಟು ಹೊತ್ತಿನ ಕೆಲಸ, ಸಂಜೆ ಲೈಬ್ರರಿಗೆ ಹೋಗುವ ದಾರಿಯಲ್ಲೇ ಮುಗಿಸೋಣ ಎಂದು ಇಬ್ಬರೂ ಕ್ಲಿನಿಕ್‌ಗೆ ಹೋದೆವು. ಗೆಳೆಯನದು ಐದು ನಿಮಿಷದಲ್ಲಿ ಮುಗಿಯಿತು. ನನ್ನ ಸರದಿ ಬಂತು. ಬಲಗಣ್ಣಿನಿಂದ ಕೊನೆಯ ಸಾಲಿನವರೆಗೂ ಪಟಪಟನೆ ಓದಿದೆ. ಆಮೇಲೆ ಬಲಗಣ್ಣು ಮುಚ್ಚಿಸಿ ಎಡಗಣ್ಣಿನಿಂದ ಓದಲು ಹೇಳಿದರು. ಮೇಲಿನ ಒಂದು ದೊಡ್ಡ ಅಕ್ಷರ ಕಂಡಿತು. ಅದರ ಕೆಳಗಿನ ಸಾಲನ್ನು ತಡವರಿಸಿ ಓದಿದೆ. ಅದಕ್ಕಿಂತ ಕೆಳಗೆ ಏನಿದೆಯೋ ಇರುವೆ ಸಾಲಿನಂತೆ ಕಾಣುತ್ತಿತ್ತು.

‘ಕಣ್ಣು ಪೂರಾ ತೆಗಿ ತಮ್ಮಾ’ ಅಂದರು ಡಾಕ್ಟರ್. ‘ತೆಗ್ದೇನ್ರೀ ಸರ್’ ಅಂದೆ.

ಮೂಗಿನ ಮೇಲೆ ಒಂದು ಫ್ರೇಮ್ ಕೂರಿಸಿ ಗಾಜಿನ ಮೇಲೆ ಗಾಜು ಬದಲಿಸಿದರು. ಎಷ್ಟು ಬದಲಿಸಿದರೂ ಇನ್ನೊಂದು ಸಾಲು ಕೆಳಗೆ ಇಳಿಯಲು ಆಯಿತೇ ವಿನಾ ಅದರಾಚೆ ಹೋಗಲಾಗಲಿಲ್ಲ. ಕಣ್ಣಿಗೆ ಹನಿ ಹಾಕಿ ಒಳಗೆಲ್ಲ ನೋಡಿದ ಮೇಲೆ ಅವರು ಹೇಳಿದ್ದು ಇಷ್ಟು: ‘ಕಣ್ಣಿಗೆ ರೋಗ ಏನೂ ಇಲ್ಲ. ಆದ್ರ ಈ ಕಣ್ಣಿಂದ ನೋಡೋದನ್ನ ನಿನ್ನ ಮಿದುಳು ಕಲ್ತೇ ಇಲ್ಲ. ಮೂರು, ನಾಕು ವರ್ಷದಾಂವ ಇದ್ದಾಗ ಯಾರರ ತೋರ್ಸಿದ್ರ ಚಲೋ ಇತ್ತು.’

ಆಗ ನನಗೆ 23. ಲೋಕೊ ಪೈಲಟ್‌ಗೆ ಬೇಕಾದ್ದು ಎ–1 ಶ್ರೇಣಿ, ಅಂದರೆ ಕನ್ನಡಕವಿಲ್ಲದೆ ಎರಡೂ ಕಣ್ಣು 6/6. ನನ್ನ ಎಡಗಣ್ಣು 6/36. ಸರಿ ಇರುವ ಕಣ್ಣಿಗೆ 36 ಮೀಟರ್ ದೂರದಿಂದ ಕಾಣುವ ಅಕ್ಷರ ಆ ಕಣ್ಣಿಗೆ ಕಾಣಬೇಕಾದರೆ ಆರು ಮೀಟರ್ ಹತ್ತಿರ ಹೋಗಬೇಕು. 23 ವರ್ಷ ಆ ಕಣ್ಣನ್ನು ಇಟ್ಟುಕೊಂಡು ಓಡಾಡಿದ್ದೇನೆ, ಸೈಕಲ್ ಹೊಡೆದಿದ್ದೇನೆ, ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಮುಗಿಸಿದ್ದೇನೆ. ನನಗೂ ಗೊತ್ತಾಗಲಿಲ್ಲ, ಮನೆಯವರಿಗೂ ಗೊತ್ತಾಗಲಿಲ್ಲ.

ಕೈತಪ್ಪಿದ ನೌಕರಿಯ ಕಥೆಗಳು ಈ ಪುಟದಲ್ಲಿ ಬೇಕಾದಷ್ಟು ಬಂದಿವೆ. ಅಂಥದ್ದೇ ಇನ್ನೊಂದನ್ನು ಬರೆಯುವ ಮನಸ್ಸಿಲ್ಲ. ಡಾಕ್ಟರ್ ಹೇಳಿದ ಆ ಕೊನೆಯ ಮಾತು ತಲೆಯಲ್ಲಿ ಉಳಿದುಬಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮೂರು, ನಾಲ್ಕು ವರ್ಷದ ಮಗುವಿನ ಕಣ್ಣನ್ನು ಯಾರು ತೋರಿಸುತ್ತಾರೆ? ಯಾಕೆ ತೋರಿಸಬೇಕು?

ಇದಕ್ಕೆ ಆಂಬ್ಲಿಯೋಪಿಯಾ ಎಂದು ಹೆಸರು. ಆಡುಮಾತಿನಲ್ಲಿ ಸೋಮಾರಿ ಕಣ್ಣು ಅನ್ನುತ್ತಾರೆ. ಈ ಹೆಸರು ನನಗೆ ಹಿಡಿಸುವುದಿಲ್ಲ. ಪಾಪ, ಕಣ್ಣಿನ ಸೋಮಾರಿತನ ಏನೂ ಇಲ್ಲ. ಹುಟ್ಟಿದ ಮಗು ಉಸಿರಾಡುವುದನ್ನು ಕಲಿಯಬೇಕಿಲ್ಲ, ಆದರೆ ನೋಡುವುದನ್ನು ಕಲಿಯಬೇಕು. ಎರಡೂ ಕಣ್ಣಿನಿಂದ ಮಿದುಳಿಗೆ ಸ್ಪಷ್ಟ ಚಿತ್ರ ಹೋಗುತ್ತಿದ್ದರೆ ಅದು ಎರಡನ್ನೂ ಬಳಸುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಒಂದು ಕಣ್ಣು ವಾರೆಯಾಗಿದ್ದರೆ, ಹುಟ್ಟಿನಿಂದಲೇ ಪೊರೆ ಇದ್ದರೆ, ರೆಪ್ಪೆ ಜೋತುಬಿದ್ದು ಕಣ್ಣನ್ನು ಮುಚ್ಚಿದ್ದರೆ ಅಥವಾ ನನ್ನಂತೆ ಎರಡು ಕಣ್ಣಿನ ನಂಬರ್‌ಗಳ ನಡುವೆ ಬಹಳ ಅಂತರ ಇದ್ದರೆ, ಒಂದು ಕಡೆಯಿಂದ ಮಸುಕು ಚಿತ್ರವೇ ಬರುತ್ತದೆ. ಮಿದುಳು ಅದನ್ನು ಬದಿಗಿಟ್ಟು ಚೆನ್ನಾಗಿ ಕಾಣುವ ಕಣ್ಣಿನ ಮಾತನ್ನಷ್ಟೇ ಕೇಳತೊಡಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಆಮೇಲೆ ಎಂಥ ಕನ್ನಡಕ ಹಾಕಿದರೂ ಆ ಕಣ್ಣಿನ ಮಾತು ಮಿದುಳಿಗೆ ನಾಟುವುದಿಲ್ಲ.

ಇದನ್ನು ತೋರಿಸಿಕೊಟ್ಟವರು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್. 1960ರ ದಶಕದಲ್ಲಿ ಅವರು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು, ಕೆಲವು ತಿಂಗಳ ನಂತರ ಬಿಚ್ಚಿದರು. ಕಣ್ಣೇನೋ ಚೆನ್ನಾಗಿಯೇ ಇತ್ತು. ಮಿದುಳಿನ ಜೀವಕೋಶಗಳು ಮಾತ್ರ ಆ ಕಣ್ಣಿಗೆ ಸ್ಪಂದಿಸುತ್ತಿರಲಿಲ್ಲ. ಬೆಳೆದ ಬೆಕ್ಕಿಗೆ ಹಾಗೆಯೇ ಮಾಡಿದಾಗ ಇಂಥ ಹಾನಿ ಆಗಲಿಲ್ಲ. ಕಲಿಯಲು ಒಂದು ವಯಸ್ಸಿದೆ, ಅದು ಮೀರಿದರೆ ಕಷ್ಟ ಎಂಬುದು ಅಲ್ಲಿ ಖಚಿತವಾಯಿತು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಓದುವಾಗ ಆ ಮರಿಗಳ ಬಗ್ಗೆ ಸಂಕಟವಾಗುತ್ತದೆ, ನಿಜ. ಆದರೆ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅವ್ವ ಬೈಯುವಾಗಲೆಲ್ಲ ಹೇಳುತ್ತಿದ್ದ ಮಾತು ಕಣ್ಣಿಗೂ ಸಲ್ಲುತ್ತದೆ ಎಂದು ನನಗೆ ತಿಳಿದದ್ದು ಆ ಪ್ರಯೋಗದ ಬಗ್ಗೆ ಓದಿದಾಗಲೇ.

ಮನುಷ್ಯರಲ್ಲಿ ಏಳು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಹೆಚ್ಚು. ಹದಿಹರೆಯದವರಲ್ಲೂ ಕೆಲವರಿಗೆ ಅಷ್ಟಿಷ್ಟು ಸುಧಾರಿಸುತ್ತದೆ, ಆದರೆ ಎಲ್ಲರಿಗೂ ಅಲ್ಲ, ಪೂರ್ತಿಯೂ ಅಲ್ಲ. ಚಿಕಿತ್ಸೆಯಾದರೂ ಏನು? ಮೊದಲು ಸರಿಯಾದ ಕನ್ನಡಕ. ಅದು ಸಾಲದಿದ್ದರೆ ಚೆನ್ನಾಗಿರುವ ಕಣ್ಣಿಗೆ ದಿನಾ ಕೆಲವು ತಾಸು ಪಟ್ಟಿ ಅಂಟಿಸಿ, ಹಿಂದೆ ಬಿದ್ದ ಕಣ್ಣಿಗೆ ದುಡಿಸುವುದು. ಇಲ್ಲವೇ ಆ ಚೆನ್ನಾಗಿರುವ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಅದನ್ನು ತಾತ್ಕಾಲಿಕವಾಗಿ ಮಸುಕು ಮಾಡುವುದು. ದೊಡ್ಡ ಯಂತ್ರವೂ ಬೇಡ, ಲಕ್ಷಾಂತರ ರೂಪಾಯಿಯೂ ಬೇಡ. ಹೊತ್ತಿಗೆ ಸರಿಯಾಗಿ ಗೊತ್ತಾಗಬೇಕು, ಅಷ್ಟೆ. ಜಗತ್ತಿನ ಬೇರೆ ಬೇರೆ ಕಡೆಯ ಲೆಕ್ಕ ನೋಡಿದರೆ ನೂರು ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಈ ತೊಂದರೆ ಇರುತ್ತದೆ. ಕಡಿಮೆ ಅನ್ನಿಸಬಹುದು. ನಿಮ್ಮ ಕಾಲೇಜಿನ ಒಟ್ಟು ಹುಡುಗ ಹುಡುಗಿಯರನ್ನು ಲೆಕ್ಕ ಹಾಕಿ ನೋಡಿ.

ಹೊತ್ತಿಗೆ ಸರಿಯಾಗಿ ಗೊತ್ತಾಗುವುದೇ ಕಷ್ಟ. ಹೊಟ್ಟೆ ನೋವಾದರೆ ಮಗು ಅಳುತ್ತದೆ, ಕಿವಿ ಸೋರಿದರೆ ಕೈ ಹಚ್ಚುತ್ತದೆ. ಒಂದು ಕಣ್ಣು ಮಸುಕಾದರೆ ಏನನ್ನೂ ಹೇಳುವುದಿಲ್ಲ. ಯಾಕೆಂದರೆ ಸ್ಪಷ್ಟವಾಗಿ ಕಾಣುವುದು ಅಂದರೆ ಏನೆಂದು ಆ ಕಣ್ಣಿಗೆ ಗೊತ್ತೇ ಇಲ್ಲ. ಇನ್ನೊಂದು ಕಣ್ಣು ಎಲ್ಲ ಕೆಲಸ ಮಾಡುತ್ತಿರುತ್ತದೆ. ಕಣ್ಣು ವಾರೆಯಾಗಿದ್ದರಾದರೂ ಯಾರಾದರೂ ಗಮನಿಸುತ್ತಾರೆ. ಆದರೆ ನಮ್ಮ ಕಡೆ ಮೆಳ್ಳೆಗಣ್ಣು ಅದೃಷ್ಟ ಎಂದು ಬಿಟ್ಟುಬಿಡುವವರು ಇದ್ದಾರೆ, ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತದೆ ಅನ್ನುವವರು ಇನ್ನೂ ಹೆಚ್ಚು. ನನ್ನ ಕಣ್ಣು ನೆಟ್ಟಗಿತ್ತು, ಹಾಗಾಗಿ ಅದೃಷ್ಟದ ಮಾತೂ ಬರಲಿಲ್ಲ. ಕ್ರಿಕೆಟ್‌ನಲ್ಲಿ ಕ್ಯಾಚ್ ಬಿಟ್ಟಾಗ ‘ಕೈಗೆ ಎಣ್ಣಿ ಹಚ್ಚಿಕೊಂಡ ಬಂದೀಯೇನಲೇ’ ಅನ್ನುತ್ತಿದ್ದರು. ಲೋಟಕ್ಕೆ ಚಹಾ ಬಗ್ಗಿಸುವಾಗ ಹೊರಗೆ ಚೆಲ್ಲುತ್ತಿದ್ದೆ. ಅದೆಲ್ಲ ಕಣ್ಣಿನಿಂದಲೇ ಆಯಿತು ಎಂದು ಈಗ ಹೇಳಲಾರೆ, ನಾನು ಕೆಟ್ಟ ಫೀಲ್ಡರೂ ಇರಬಹುದು. ದೂರ, ಹತ್ತಿರದ ಸೂಕ್ಷ್ಮ ಅಂದಾಜಿಗೆ ಎರಡೂ ಕಣ್ಣು ಸೇರಿ ಕೆಲಸ ಮಾಡಬೇಕು ಎಂಬುದು ಮಾತ್ರ ನಿಜ.

ಶಾಲೆಯಲ್ಲಿ ಪರೀಕ್ಷೆ ಮಾಡಿರಲಿಲ್ಲವೇ ಎಂದು ಕೇಳಬಹುದು. ಮಾಡಿದ್ದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ತಂಡ ಬಂದಿತ್ತು. ಕರಿಹಲಗೆಯ ಪಕ್ಕ ಚಾರ್ಟ್ ನೇತುಹಾಕಿ ಸಾಲಾಗಿ ನಿಲ್ಲಿಸಿದರು. ನನ್ನ ಹೆಸರು ಹಾಜರಿಯಲ್ಲಿ ಕೆಳಗೆ. ನನ್ನ ಸರದಿ ಬರುವ ಹೊತ್ತಿಗೆ ಕೊನೆಯ ಸಾಲಿನ ಅಕ್ಷರಗಳೆಲ್ಲ ಬಾಯಿಪಾಠವಾಗಿದ್ದವು. ಕಣ್ಣನ್ನು ನಾವೇ ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದೆವು, ಬೆರಳ ಸಂದಿನಿಂದ ಎಲ್ಲ ಕಾಣುತ್ತಿತ್ತು. ಮೋಸ ಮಾಡಬೇಕೆಂದೇನೂ ಇರಲಿಲ್ಲ. ಪರೀಕ್ಷೆ ಅಂದಮೇಲೆ ಪಾಸಾಗಬೇಕು ಎಂದುಕೊಂಡಿದ್ದೆ. ಕಾರ್ಡಿನಲ್ಲಿ ‘ನಾರ್ಮಲ್’ ಎಂದು ಬರೆದುಕೊಟ್ಟರು. ಆಗಲೇ ಸಿಕ್ಕಿಬಿದ್ದಿದ್ದರೂ ಹನ್ನೆರಡು ವರ್ಷ ಆಗಿತ್ತು, ಒಳ್ಳೆಯ ಕಾಲ ಕಳೆದುಹೋಗಿತ್ತು. ಶಾಲೆಯ ತಪಾಸಣೆಯಿಂದ ದೂರದ ಬೋರ್ಡ್ ಕಾಣದ ಮಕ್ಕಳಿಗೆ ತುಂಬ ಉಪಯೋಗವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ನಮ್ಮಂಥವರಿಗೆ ಅದು ತಡವಾದ ಬಸ್ಸು.

ಕಣ್ಣಿನ ಶಿಬಿರ ಎಂದರೆ ನಮ್ಮ ಮನಸ್ಸಿಗೆ ಬರುವುದು ಅಜ್ಜ, ಅಜ್ಜಿಯರೇ. ಇದು ಸಹಜ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಸಾಮೂಹಿಕ ಶಿಬಿರಗಳಲ್ಲಿ ಪೊರೆ ತೆಗೆದು ಲಕ್ಷಾಂತರ ಜನರಿಗೆ ಬೆಳಕು ಕೊಟ್ಟರು. ನಮ್ಮ ಅಜ್ಜ ಅವರ ಹೆಸರು ಹೇಳುವಾಗ ಕೈಮುಗಿಯುತ್ತಿದ್ದರು. ಡಾ. ರಾಜ್‌ಕುಮಾರ್, ಆಮೇಲೆ ಪುನೀತ್ ಕಣ್ಣು ದಾನ ಮಾಡಿದ ಮೇಲೆ ನಮ್ಮ ವಯಸ್ಸಿನವರು ಸಾಲುಗಟ್ಟಿ ನಿಂತು ನೇತ್ರದಾನಕ್ಕೆ ಹೆಸರು ಬರೆಸಿದರು, ನಾನೂ ಬರೆಸಿದೆ. ‘ಹಂಗಾದ್ರ ಬ್ಯಾರೆ ಕಣ್ಣ ಹಾಕ್ಸಿಬಿಡೋಣಲ್ಲೋ’ ಎಂದು ಅವ್ವ ನನಗೆ ಹೇಳಿದಾಗ ಮಾತ್ರ ಏನು ಹೇಳಬೇಕೋ ತಿಳಿಯಲಿಲ್ಲ. ದಾನದಿಂದ ಬರುವುದು ಕಣ್ಣಿನ ಮುಂದಿನ ಪಾರದರ್ಶಕ ಪದರ. ನನ್ನ ಕಣ್ಣಿನಲ್ಲಿ ಅದು ಚೆನ್ನಾಗಿಯೇ ಇದೆ. ಮುದಿಯ ಕಣ್ಣಿನ ಪೊರೆಯನ್ನು ಎಪ್ಪತ್ತಕ್ಕೆ ತೆಗೆಸಿದರೂ ದೃಷ್ಟಿ ಬರುತ್ತದೆ. ಮಗುವಿನ ಕಣ್ಣಿಗೆ ಆ ಪುರಸೊತ್ತು ಇಲ್ಲ. ಹುಟ್ಟಿನಿಂದ ಬಂದ ಪೊರೆಯನ್ನಂತೂ ತಿಂಗಳುಗಳೊಳಗೆ, ಕೆಲವೊಮ್ಮೆ ವಾರಗಳೊಳಗೆ ತೆಗೆಯಬೇಕು.

ಈಗ ನಮ್ಮ ಅಂಗನವಾಡಿ ನೋಡಿ. ಮೂರು ತುಂಬಿದ ಮಕ್ಕಳು ಅಲ್ಲಿ ದಿನಾ ಬಂದು ಕೂರುತ್ತಾರೆ. ತೂಕ ಹಾಕುತ್ತಾರೆ, ಎತ್ತರ ಅಳೆಯುತ್ತಾರೆ. ಇರುಳುಗಣ್ಣು ಬಾರದಿರಲಿ ಎಂದು ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ ಮಕ್ಕಳಿಗೆ ವಿಟಮಿನ್ ಎ ಕುಡಿಸುತ್ತಾರೆ. ಕಣ್ಣು ಚೆನ್ನಾಗಿರಲಿ ಎಂದು ಔಷಧಿ ಕುಡಿಸುವ ಮಗುವಿಗೆ ಕಣ್ಣು ಎಷ್ಟು ಕಾಣುತ್ತದೆ ಎಂದು ಒಮ್ಮೆಯೂ ಕೇಳುವುದಿಲ್ಲ! ಕಾಗದದ ಮೇಲೆ ಕೇಳಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಂಚಾರಿ ಆರೋಗ್ಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ತಪಾಸಣೆಯ ಪಟ್ಟಿಯಲ್ಲಿ ದೃಷ್ಟಿದೋಷವೂ ಇದೆ. ನಮ್ಮೂರ ಅಂಗನವಾಡಿಗೆ ತಂಡ ಬಂದ ದಿನ ನಾನು ಅಲ್ಲೇ ಇದ್ದೆ. ಮೂವತ್ತು ಬಗೆಯ ತೊಂದರೆಗಳನ್ನು ಹುಡುಕಬೇಕಾದ ಡಾಕ್ಟರ್ ಮಕ್ಕಳ ನಾಲಿಗೆ, ಹಲ್ಲು ನೋಡಿದರು, ರೆಪ್ಪೆ ಎಳೆದು ರಕ್ತ ಕಡಿಮೆ ಇದೆಯೇ ಎಂದು ನೋಡಿದರು. ಒಂದೊಂದೇ ಕಣ್ಣು ಮುಚ್ಚಿ ಯಾವ ಮಗುವನ್ನೂ ಪರೀಕ್ಷಿಸಲಿಲ್ಲ. ಅವರನ್ನು ದೂರುತ್ತಿಲ್ಲ. ಮಧ್ಯಾಹ್ನದೊಳಗೆ ಇನ್ನೂ ಎರಡು ಅಂಗನವಾಡಿ ಮುಗಿಸುವುದಿತ್ತು. ಖಾಸಗಿ ನರ್ಸರಿಗಳ ಕಥೆ ಇನ್ನೂ ಚಂದ. ಮೂರು ವರ್ಷದ ಮಗುವಿಗೆ ಎ, ಬಿ, ಸಿ, ಡಿ ಬರುತ್ತದೆಯೇ ಎಂದು ಇಂಟರ್‌ವ್ಯೂ ಮಾಡುತ್ತಾರೆ, ಅದು ಕಾಣುತ್ತದೆಯೇ ಎಂದು ಕೇಳುವುದಿಲ್ಲ.

ಓದಲು ಬಾರದ ಮಗುವಿನ ಕಣ್ಣನ್ನು ಹೇಗೆ ಪರೀಕ್ಷಿಸುವುದು ಎಂದು ನನಗೂ ಅನುಮಾನವಿತ್ತು. ಬಹಳ ಸುಲಭ. ಸೇಬು, ಮನೆ, ಚೌಕ, ವೃತ್ತದ ಚಿತ್ರಗಳಿರುವ ಚಾರ್ಟ್ ಇರುತ್ತದೆ. ಮಗುವಿನ ತೊಡೆಯ ಮೇಲೆ ಅದೇ ನಾಲ್ಕು ಚಿತ್ರಗಳ ಕಾರ್ಡ್. ದೂರದಲ್ಲಿ ತೋರಿಸಿದ್ದು ಯಾವುದು ಎಂದು ಮಗು ತನ್ನ ಕಾರ್ಡಿನ ಮೇಲೆ ಬೆರಳಿಟ್ಟರೆ ಸಾಕು. ಹೆಸರು ಹೇಳಬೇಕಿಲ್ಲ, ಭಾಷೆಯ ತಂಟೆಯೇ ಇಲ್ಲ. ಟಾರ್ಚ್ ಬೆಳಕು ಎರಡೂ ಕಣ್ಣಿನ ಪಾಪೆಯಲ್ಲಿ ಒಂದೇ ಜಾಗದಲ್ಲಿ ಹೊಳೆಯುತ್ತದೆಯೇ ಎಂದು ನೋಡಿದರೆ ವಾರೆಗಣ್ಣಿನ ಸುಳಿವು ಸಿಗುತ್ತದೆ. ಇನ್ನೂ ಚಿಕ್ಕ ಮಕ್ಕಳಿಗೆ ದೂರದಿಂದಲೇ ಫೋಟೊ ತೆಗೆದಂತೆ ಕಣ್ಣಿನ ನಂಬರ್ ಅಂದಾಜು ಮಾಡುವ ಯಂತ್ರ ಇದೆ, ಅದು ದುಬಾರಿ. ಏನೇ ಮಾಡಿದರೂ ಮುಖ್ಯವಾದದ್ದು ಒಂದೊಂದೇ ಕಣ್ಣನ್ನು, ಸಂದಿಲ್ಲದಂತೆ ಮುಚ್ಚಿ ನೋಡುವುದು. ಚೆನ್ನಾಗಿರುವ ಕಣ್ಣು ಮುಚ್ಚಿದಾಗ ಕೆಲವು ಮಕ್ಕಳು ಕೈ ತಳ್ಳಿ ಅಳುತ್ತವೆ, ಇನ್ನೊಂದನ್ನು ಮುಚ್ಚಿದಾಗ ಸುಮ್ಮನಿರುತ್ತವೆ. ಆ ಅಳುವೇ ಒಂದು ಉತ್ತರ.

ಇದಕ್ಕೆ ಆಕ್ಷೇಪಗಳೂ ಇವೆ, ತಳ್ಳಿಹಾಕುವಂಥವಲ್ಲ. ಮೂರು ವರ್ಷದ ಮಗು ಬೇಸರ ಬಂದು ತಪ್ಪು ತೋರಿಸಿದರೆ ಚೆನ್ನಾಗಿರುವ ಕಣ್ಣಿಗೂ ಅನುಮಾನ ಬರುತ್ತದೆ, ತಾಯಿ ಒಂದು ದಿನದ ಕೂಲಿ ಬಿಟ್ಟು ಜಿಲ್ಲಾ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ. ಬೇಡದ ಕನ್ನಡಕವೂ ಬರಬಹುದು. ಅಂಗನವಾಡಿ ಕಾರ್ಯಕರ್ತೆಯರ ತಲೆಯ ಮೇಲೆ ಈಗಾಗಲೇ ಎಷ್ಟು ಕೆಲಸ ಹೇರಿದ್ದೇವೆ! ಅಮೆರಿಕದಲ್ಲಿ ಇಂಥ ವಿಷಯಗಳಿಗೆ ಸಲಹೆ ಕೊಡುವ ತಜ್ಞರ ಕಾರ್ಯಪಡೆ 2017ರಲ್ಲಿ ಹೇಳಿದ್ದು ನನಗೆ ಸರಿಯೆನಿಸುತ್ತದೆ. ಮೂರರಿಂದ ಐದು ವರ್ಷದೊಳಗೆ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ದೃಷ್ಟಿ ತಪಾಸಣೆ ಇರಲಿ, ಮೂರಕ್ಕಿಂತ ಚಿಕ್ಕವರೆಲ್ಲರಿಗೂ ಮಾಡಬೇಕು ಎನ್ನಲು ಆಧಾರ ಸಾಲದು ಎಂದು ಅವರು ಹೇಳಿದರು. ಬ್ರಿಟನ್‌ನಲ್ಲಿ ನಾಲ್ಕೈದು ವರ್ಷಕ್ಕೆ ಮಾಡುತ್ತಾರೆ. ಹಾಗಾಗಿ ಕಡ್ಡಾಯ ಎಂದು ಎಲ್ಲರನ್ನೂ ಎಳೆದು ತರುವುದು ಬೇಡ. ಶಾಲೆಗೆ ಸೇರುವ ಮೊದಲು ಒಮ್ಮೆ, ಬೇಕೆಂದ ಪ್ರತಿ ತಾಯಿಗೂ ಸಿಗುವಂತಿರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷಿಸಲು ಕಲಿತ ಸಿಬ್ಬಂದಿ ಇರುತ್ತಾರೆ, ಅವರು ವರ್ಷಕ್ಕೆ ಒಂದು ದಿನ ಅಂಗನವಾಡಿಗೆ ಬರಲಿ. ಕೆಲವರಿಗಂತೂ ಮೂರರವರೆಗೆ ಕಾಯುವುದೂ ಸಲ್ಲದು. ಅವಧಿಗೆ ಮುನ್ನ ಹುಟ್ಟಿದವರು, ಕಣ್ಣು ವಾರೆಯಾಗಿರುವವರು, ಮನೆಯಲ್ಲಿ ನನ್ನಂಥವರು ಇರುವವರು ಬೇಗ ತೋರಿಸಬೇಕು. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಕಣ್ಣಿನ ಪಾಪೆ ಕೆಂಪಗೆ, ಇನ್ನೊಂದರದು ಬೆಳ್ಳಗೆ ಬಂದಿದ್ದರೆ ಮುಂದಿನ ಶಿಬಿರಕ್ಕೆಂದು ಕಾಯಬೇಡಿ. ಕೆಲವೊಮ್ಮೆ ಅದು ಬರೀ ಬೆಳಕಿನ ಆಟ. ಆದರೆ ಪೊರೆ ಅಥವಾ ರೆಟಿನೊಬ್ಲಾಸ್ಟೋಮ ಎಂಬ ಕ್ಯಾನ್ಸರ್ ಕೂಡ ಹಾಗೆಯೇ ಕಾಣುತ್ತದೆ, ಅದರಲ್ಲಿ ಹೋಗುವುದು ಕಣ್ಣಷ್ಟೇ ಅಲ್ಲ.

ಹಳ್ಳಿಗೆ ಇದನ್ನೆಲ್ಲ ತಲುಪಿಸಲಾಗದು ಎನ್ನುವವರಿಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್ರಾಪ್ ಎಂಬ ಕೆಲಸ ಶುರು ಮಾಡಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ದೂರದಲ್ಲಿ ಕೂತ ತಜ್ಞರು ಅದನ್ನು ನೋಡಿ ಚಿಕಿತ್ಸೆ ಬೇಕೋ ಬೇಡವೋ ಹೇಳುತ್ತಾರೆ. ಅಂಗೈಯಷ್ಟಿರುವ ಕೂಸಿನ ಅಕ್ಷಿಪಟಲವನ್ನೇ ಹಳ್ಳಿಗಾಡಿನಲ್ಲಿ ನೋಡಬಲ್ಲ ರಾಜ್ಯಕ್ಕೆ ಸೇಬು, ಮನೆಯ ಚಾರ್ಟ್ ಭಾರವಾಗಲಾರದು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಚಿಕ್ಕಂದಿನಲ್ಲಿ ಚಿಕಿತ್ಸೆ ಆಗಿದ್ದರೆ ನಾನು ಲೋಕೊ ಪೈಲಟ್ ಆಗಿರುತ್ತಿದ್ದೆನೇ ಎಂದು ಡಾಕ್ಟರ್‌ಗೆ ಕೇಳಿದ್ದೆ. ಬಹುಶಃ ಇಲ್ಲ ಎಂದರು. ನಂಬರ್ ಇದ್ದೇ ಇರುತ್ತಿತ್ತು, ಕನ್ನಡಕ ಬೇಕಾಗುತ್ತಿತ್ತು. ಎಸ್‌ಎಸ್‌ಸಿ ಜಿಡಿಗೂ ಕನ್ನಡಕವಿಲ್ಲದೆ ಒಂದು ಕಣ್ಣು 6/6, ಇನ್ನೊಂದು 6/9 ಇರಬೇಕು. ಆದರೆ ಮಾಧ್ಯಮಿಕ ಶಾಲೆಯಲ್ಲಿರುವಾಗಲೇ ನನಗೆ ಅದು ಗೊತ್ತಿರುತ್ತಿತ್ತು. ಮೂರು ವರ್ಷ ರೂಮಿನ ಬಾಡಿಗೆ, ಕೋಚಿಂಗ್ ಫೀಸು, ಅಪ್ಪ ಮಾಡಿದ ಸಾಲ ಎಲ್ಲ ಬೇರೆ ದಾರಿಗೆ ಹೋಗುತ್ತಿತ್ತು. ಕನ್ನಡಕ ಹಾಕಿದರೆ ಎರಡೂ ಕಣ್ಣು ಚೆನ್ನಾಗಿ ಕಾಣುತ್ತಿದ್ದವು. ಈಗ ಕನ್ನಡಕ ಹಾಕಿದರೂ ಒಂದೇ. ಐಟಿಐ ವರ್ಕ್‌ಶಾಪ್‌ನಲ್ಲಿ ಗ್ರೈಂಡಿಂಗ್ ಮಾಡುವಾಗ ನಾವು ಗಾಗಲ್ಸ್ ಹಾಕುತ್ತಿದ್ದುದು ಇನ್‌ಸ್ಪೆಕ್ಷನ್ ದಿನ ಮಾತ್ರ. ಒಂದು ಕಿಡಿ ಬಲಗಣ್ಣಿಗೆ ಸಿಡಿದಿದ್ದರೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪೊಲೀಸ್, ಸೇನೆ, ರೈಲ್ವೆ ಎಂದು ಓದುತ್ತಿರುವ ಗೆಳೆಯರೇ, ಇವತ್ತೇ ಒಂದು ಕಣ್ಣು ಮುಚ್ಚಿ ಎದುರು ಗೋಡೆಯ ಕ್ಯಾಲೆಂಡರ್ ಓದಿ, ಆಮೇಲೆ ಇನ್ನೊಂದು. ವ್ಯತ್ಯಾಸ ಕಂಡರೆ ಅರ್ಜಿ ಹಾಕುವ ಮೊದಲೇ ಡಾಕ್ಟರ್‌ಗೆ ತೋರಿಸಿ. ಮನೆಯಲ್ಲಿ ಅಣ್ಣನದೋ ಅಕ್ಕನದೋ ಚಿಕ್ಕ ಮಗು ಇದ್ದರೆ ಅದನ್ನು ಆಸ್ಪತ್ರೆಗೆ ಕರೆದೊಯ್ಯುವ ಪುರಸೊತ್ತು ಮನೆಯಲ್ಲಿ ಇರುವುದು ಸಾಮಾನ್ಯವಾಗಿ ಒಬ್ಬರಿಗೇ, ಕೆಲಸ ಹುಡುಕುತ್ತಿರುವ ನಮಗೆ!

ನಾನು ಮಾಡಿದ್ದು ಅದನ್ನೇ. ಅಕ್ಕನ ಮಗಳಿಗೆ ಮೂರೂವರೆ ವರ್ಷ. ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ತೋರಿಸಿದಾಗ ಅವಳ ಒಂದು ಕಣ್ಣೂ ಹಿಂದೆ ಬಿದ್ದಿತ್ತು. ಅವಳ ಅಜ್ಜಿ, ಅಂದರೆ ಅಕ್ಕನ ಅತ್ತೆ, ಮೊದಲು ಮೊಬೈಲನ್ನು ಬೈದರು, ಆಮೇಲೆ ಅಕ್ಕನನ್ನು. ಇದು ಮೊಬೈಲ್‌ನಿಂದ ಬರುವುದಲ್ಲ ಎಂದು ಡಾಕ್ಟರ್ ಹೇಳಿದ್ದನ್ನು ನಾಲ್ಕು ಸಲ ಹೇಳಿದೆ. ಕನ್ನಡಕ ಕಂಡಾಗ ‘ಹೆಣ್ಣು ಕೂಸಿಗೆ ಈಗಿಂದನ ಚಾಳೀಸು ಹಾಕಿದ್ರ ನಾಳೆ ಯಾರ ಮಾಡ್ಕೋತಾರ’ ಅಂದರು. ಪಟ್ಟಿ ಕಂಡ ದಿನವಂತೂ ‘ಕಾಣೋ ಕಣ್ಣನ್ನ ಮುಚ್ಚತೀರಲ್ಲೋ, ನಿಮಗ ಬುದ್ಧಿ ಐತಿಲ್ಲೋ’ ಎಂದು ಜಗಳವೇ ಆಯಿತು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ, ಕೇಳಿದರೆ ಯಾರಿಗಾದರೂ ವಿಚಿತ್ರವೇ. ನನ್ನ ಬಲಗಣ್ಣು ಮುಚ್ಚಿಕೊಂಡು ಅವರ ಎದುರು ಪಂಚಾಂಗ ಓದಲು ಹೋಗಿ ಒಂದಕ್ಷರವೂ ಬಾರದೆ ನಿಂತೆ. ಅಮೇಲೆ ಅವರು ಮಾತಾಡಲಿಲ್ಲ.

ದಿನಕ್ಕೆ ಎರಡು ತಾಸು ಪಟ್ಟಿ. ಮೊದಲ ವಾರ ಕಿತ್ತೆಸೆದಳು, ಗೊಂಬೆಗೆ ಅಂಟಿಸಿದಳು, ಒಮ್ಮೆ ಎಮ್ಮೆಯ ಬೆನ್ನ ಮೇಲೂ ಸಿಕ್ಕಿತು. ಈಗ ಟಿವಿಯಲ್ಲಿ ಕಾರ್ಟೂನ್ ಬರುವ ಹೊತ್ತಿಗೆ ಅಂಟಿಸುತ್ತೇವೆ, ತಕರಾರು ಕಡಿಮೆಯಾಗಿದೆ. ನಾಲ್ಕು ತಿಂಗಳಾಯಿತು. ಹೋದ ಸಲ ಚಾರ್ಟಿನಲ್ಲಿ ಮೊದಲಿಗಿಂತ ಎರಡು ಸಾಲು ಕೆಳಗಿನ ಮನೆ, ಸೇಬನ್ನು ಗುರುತಿಸಿದಳು. ಮುಂದಿನ ತಪಾಸಣೆ ದೀಪಾವಳಿ ಮುಗಿದ ಮೇಲೆ.